ವಾರ್ಡಿಗೆ ಯಾವಾಗ ಬಿಡ್ತಾರೆ?

ಡಾಕ್ಟರ್ ಓದೋಕೆ ಅರ್ಜಿ ಹಾಕಿದ್ದ ಎರಡೂ ವಿಶ್ವವಿದ್ಯಾಲಯಗಳಿಂದ ಸೀಟು ಸಿಕ್ಕಿದೆ ಅಂತ ಪತ್ರ ಬಂದ ರಾತ್ರಿ ನಾನು ಮಾಡಿದ ಮೊದಲ ಕೆಲಸ, ನೋಟ್‌ಬುಕ್ಕಿನ ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆದದ್ದು. ಎಡಗಡೆ ‘ಹಳೇದು’, ಬಲಗಡೆ ‘ಹೊಸದು’. ಇಲ್ಲೂ ಅವನ್ನ ಹಾಗೇ ಕರೀತೀನಿ, ಹೆಸರು ಬೇಡ. ಉತ್ತರ ಕೊಡೋಕೆ ಹನ್ನೆರಡು ದಿನ ಇತ್ತು. ಐದನೇ ದಿನದ ಹೊತ್ತಿಗೆ ಹಾಳೆಯಲ್ಲಿ ಹದಿನಾಲ್ಕು ಸಾಲು ತುಂಬಿದ್ದವು: ರ‍್ಯಾಂಕಿಂಗ್, ಗ್ರಂಥಾಲಯ, ಹಾಸ್ಟೆಲ್, ಶುಲ್ಕ, ಆಸ್ಪತ್ರೆಯ ಹಾಸಿಗೆ ಎಷ್ಟು, ಮನೆಯಿಂದ ಎಷ್ಟು ದೂರ. ಪ್ರತಿ ಸಾಲಿಗೂ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿದ್ದೆ. ಕೂಡಿದರೆ ಹಳೇದಕ್ಕೆ 97, ಹೊಸದಕ್ಕೆ 96. ಹೊಸದರ ಹಾಸ್ಟೆಲ್ಲಿಗೆ ಎರಡು ಅಂಕ ಜಾಸ್ತಿ ಕೊಟ್ಟಿದ್ದರೆ ನನ್ನ ಇಡೀ ಜೀವನ ಆ ಕಡೆ ವಾಲುತ್ತಿತ್ತು. ಆ ಲೆಕ್ಕ ನೋಡಿ ನನಗೇ ನಗು ಬಂತು, ಆಮೇಲೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು.

ಹಾಳೆಯನ್ನ ಚಿಕ್ಕಮ್ಮನಿಗೆ ತೋರಿಸಿದೆ. ಚಿಕ್ಕಮ್ಮ ಇಪ್ಪತ್ತೆರಡು ವರ್ಷದಿಂದ ನರ್ಸ್, ಅದರಲ್ಲೂ ಹೆಚ್ಚು ಕಾಲ ರಾತ್ರಿ ಪಾಳಿ. ಕನ್ನಡಕ ಹಣೆಗೇರಿಸಿ ಮೇಲಿಂದ ಕೆಳಗೆ ಬೆರಳು ಓಡಿಸಿದಳು. “ಎಲ್ಲಾ ಇದೆ. ವಾರ್ಡಿಗೆ ಯಾವಾಗ ಬಿಡ್ತಾರೆ ಅನ್ನೋದು ಎಲ್ಲಿದೆ?” ಅಂದಳು.

ಇರಲಿಲ್ಲ.

“ಮೊದಲ ದಿನ ವಾರ್ಡಿಗೆ ಬರೋ ಹುಡುಗರನ್ನ ಎಷ್ಟು ಬ್ಯಾಚ್ ನೋಡಿದೀನಿ ಗೊತ್ತಾ? ಪುಸ್ತಕ ಬಾಯಿಪಾಠ. ಆದ್ರೆ ರೋಗಿ ಹತ್ರ ನಿಂತ್ರೆ ಕೈ ಎಲ್ಲಿಡಬೇಕು ಗೊತ್ತಾಗಲ್ಲ, ಕೋಟಿನ ಜೇಬಲ್ಲಿ ಇಟ್ಕೊಂಡಿರ್ತಾರೆ. ನಿಂಗೆ ಮೊದಲೇ ಅಪರಿಚಿತರ ಹತ್ರ ಮಾತಾಡೋಕೆ ಬಾಯಿ ಬರಲ್ಲ.”

ಕೊನೆಯ ವಾಕ್ಯ ಅಗತ್ಯ ಇರಲಿಲ್ಲ. ಆದರೆ ಸುಳ್ಳಾಗಿರಲಿಲ್ಲ.

ಅಪ್ಪನದು ಬೇರೆ ಪಟ್ಟು. ಅವರು ರ‍್ಯಾಂಕಿಂಗ್ ಪಟ್ಟಿಯ ಪ್ರಿಂಟ್ ತೆಗೆದು, ಹಳೇದರ ಹೆಸರಿನ ಸುತ್ತ ಕೆಂಪು ಇಂಕಿನಲ್ಲಿ ವೃತ್ತ ಹಾಕಿಟ್ಟಿದ್ದರು. ಹಳೇದು ಹೊಸದಕ್ಕಿಂತ ಬಹಳ ಮೇಲಿತ್ತು, ಅದರಲ್ಲಿ ಎರಡು ಮಾತಿಲ್ಲ. ಆ ಪಟ್ಟಿಗಳನ್ನ ಹೇಗೆ ಮಾಡ್ತಾರೆ ಅಂತ ಒಂದು ಸಂಜೆ ಕೂತು ಓದಿದೆ. ದೊಡ್ಡ ಜಾಗತಿಕ ಪಟ್ಟಿಗಳಲ್ಲಿ ಬಹುಪಾಲು ಅಂಕ ಹೋಗೋದು ಸಂಶೋಧನೆಗೆ, ಪ್ರಬಂಧಗಳನ್ನ ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನೋದಕ್ಕೆ, ಮತ್ತೆ ಪ್ರಾಧ್ಯಾಪಕರನ್ನೇ ಕೇಳಿ ಮಾಡುವ ಹೆಸರಿನ ಸಮೀಕ್ಷೆಗೆ. ಎರಡನೇ ವರ್ಷದ ವಿದ್ಯಾರ್ಥಿ ರೋಗಿಯ ಹೊಟ್ಟೆ ಮುಟ್ಟಿ ನೋಡುವಾಗ ಪಕ್ಕದಲ್ಲಿ ನಿಂತು “ಕೈ ಅಲ್ಲಲ್ಲ, ಇಲ್ಲಿ” ಅನ್ನೋರು ಇದ್ದಾರಾ ಅನ್ನೋದಕ್ಕೆ ಅದರಲ್ಲಿ ಜಾಗವೇ ಇಲ್ಲ. ಇದನ್ನ ಅಪ್ಪನಿಗೆ ಹೇಳಿದೆ. “ಹಾಗಂತ ಪಟ್ಟಿ ಸುಳ್ಳಾ?” ಅಂದರು. ಸುಳ್ಳಲ್ಲ. ನಾನು ಕೇಳುವ ಪ್ರಶ್ನೆಗೆ ಅದು ಉತ್ತರ ಕೊಡಲ್ಲ, ಅಷ್ಟೇ.

(ಇನ್ನೊಂದು ವಿಷಯ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ನಾನೇ ಮೋಸ ಹೋಗುವವಳಿದ್ದೆ. ವರ್ಲ್ಡ್ ಡೈರೆಕ್ಟರಿ ಆಫ್ ಮೆಡಿಕಲ್ ಸ್ಕೂಲ್ಸ್ ಅಂತ ಒಂದು ಜಾಗತಿಕ ಪಟ್ಟಿ ಇದೆ. ಅದರಲ್ಲಿ ಕಾಲೇಜಿನ ಹೆಸರು ಕಂಡ ತಕ್ಷಣ “ಆಯ್ತು, ಮಾನ್ಯತೆ ಇದೆ” ಅಂತ ಕುಣಿಯಬೇಡಿ. ಹೆಸರಿದ್ದ ಮಾತ್ರಕ್ಕೆ ಮಾನ್ಯತೆ ಸಿಕ್ಕಂತಲ್ಲ ಅಂತ ಆ ಪಟ್ಟಿಯೇ ಹೇಳುತ್ತೆ. ಮುಂದೆ ಎಲ್ಲಿ ವೈದ್ಯರಾಗಿ ಕೆಲಸ ಮಾಡಬೇಕು ಅಂತಿದ್ದೀರೋ ಅಲ್ಲಿನ ವೈದ್ಯಕೀಯ ಮಂಡಳಿ ಈ ಪದವಿಯನ್ನ ಒಪ್ಪುತ್ತಾ ಅಂತ ಅವರನ್ನೇ ಕೇಳಬೇಕು. ನನ್ನ ಎರಡೂ ಕಡೆ ಅದು ಸರಿಯಿತ್ತು, ಹಾಗಾಗಿ ಮುಂದಿನ ಮಾತಿಗೆ ಬರೋಣ.)

ಹಳೇದಕ್ಕೆ ಮೊದಲು ಹೋದೆ. ಭೇಟಿಯ ದಿನ ನಮ್ಮಂಥ ನಲವತ್ತು ಜನರಿಗೆ ಅಂಗರಚನಾ ವಿಭಾಗದ ಮ್ಯೂಸಿಯಂ ತೆರೆದಿದ್ದರು. ಹೆಣ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನೊಳಗೆ ಬಿಡಲಿಲ್ಲ, ಬಿಡಲೂಬಾರದು. ಆದರೆ ಮ್ಯೂಸಿಯಮ್ಮಿಗೆ ಕಾಲಿಟ್ಟಾಗಲೇ ಫಾರ್ಮಾಲಿನ್ ವಾಸನೆ ಮೂಗಿಗೆ ಚುರುಕ್ ಅಂತು. ಗಾಜಿನ ಪೆಟ್ಟಿಗೆಯೊಂದರಲ್ಲಿ ಒಂದು ತೋಳು. ಭುಜದಿಂದ ಮೊಣಕೈವರೆಗೆ ಚರ್ಮ, ಸ್ನಾಯು ಬಿಡಿಸಿ ನರಗಳನ್ನ ಮಾತ್ರ ಎತ್ತಿ ತೋರಿಸಿದ್ದರು. ತೋಳಿಗೆ ಹೋಗುವ ನರಗಳ ಜಾಲ, ಅಂದರೆ ಬ್ರೇಕಿಯಲ್ ಪ್ಲೆಕ್ಸಸ್ಸನ್ನ ನಾನು ಆಗಲೇ ಹತ್ತು ಸಲ ಚಿತ್ರ ಬರೆದಿದ್ದೆ: ಕುತ್ತಿಗೆಯ ಐದನೇ ನರದಿಂದ ಎದೆಯ ಮೊದಲ ನರದವರೆಗೆ ಐದು ಬೇರು, ಆಮೇಲೆ ಕೂಡಿ, ಒಡೆದು, ಮತ್ತೆ ಕೂಡಿ. ಚಿತ್ರದಲ್ಲಿ ಒಂದೊಂದಕ್ಕೂ ಒಂದೊಂದು ಬಣ್ಣ. ಪೆಟ್ಟಿಗೆಯಲ್ಲಿ ಎಲ್ಲವೂ ಒಂದೇ ಮಾಸಲು ಬಣ್ಣದ ದಾರ. ಐದು ನಿಮಿಷ ದಿಟ್ಟಿಸಿದರೂ ಯಾವುದು ಯಾವುದು ಅಂತ ತಲೆಬುಡ ತಿಳಿಯಲಿಲ್ಲ.

ವಿಭಾಗದ ಒಬ್ಬ ವಯಸ್ಸಾದ ಮೇಷ್ಟ್ರು ಹಿಂದಿನಿಂದ ಬಂದು, ಗಾಜಿನ ಮೇಲೆ ಪೆನ್ನಿನ ತುದಿ ಇಟ್ಟು, “ಇಂಗ್ಲಿಷಿನ ಎಂ ಅಕ್ಷರ ಹುಡುಕಮ್ಮ” ಅಂದರು. ಹುಡುಕಿದೆ. ಕಂಡಿತು! ಕಂಕುಳಿನ ಅಪಧಮನಿಯ ಮುಂದೆ ಎರಡು ದಾರ ಬಂದು ಸೇರಿ ಒಂದಾಗುತ್ತೆ, ಅದು ಮೀಡಿಯನ್ ನರ, ಎಂ ಅಕ್ಷರದ ನಡುವಿನ ಮೂಲೆ. ಒಂದು ಕಾಲು ಮಸ್ಕ್ಯುಲೊಕ್ಯುಟೇನಿಯಸ್ ನರ, ಇನ್ನೊಂದು ಕಾಲು ಅಲ್ನರ್ ನರ. ಒಮ್ಮೆ ಕಂಡ ಮೇಲೆ ಕಾಣದ ಹಾಗೆ ಮಾಡೋಕೇ ಆಗಲ್ಲ. ಆ ಕ್ಷಣದಲ್ಲಿ ಪತ್ರ ಕೊಟ್ಟಿದ್ದರೆ ಅಲ್ಲೇ ಸಹಿ ಹಾಕ್ತಿದ್ದೆ.

ಅವರು ಆಮೇಲೆ ಆಂಡ್ರಿಯಾಸ್ ವೆಸಾಲಿಯಸ್ ಕತೆ ಹೇಳಿದರು. ಅವನಿಗಿಂತ ಮುಂಚೆ ಪ್ರಾಧ್ಯಾಪಕ ಎತ್ತರದ ಪೀಠದಲ್ಲಿ ಕೂತು ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ನನ ಹಳೇ ಗ್ರಂಥ ಓದುತ್ತಿದ್ದ, ಕೆಳಗೆ ಹೆಣ ಕೊಯ್ಯುವ ಕೆಲಸ ಕ್ಷೌರಿಕನದು. ಪುಸ್ತಕದಲ್ಲಿ ಇದ್ದದ್ದಕ್ಕೂ ಮೇಜಿನ ಮೇಲೆ ಕಂಡದ್ದಕ್ಕೂ ತಾಳೆ ಆಗದಿದ್ದರೆ ಪುಸ್ತಕವೇ ಸರಿ. ಇಟಲಿಯ ಪಡುವಾದಲ್ಲಿ ಪಾಠ ಮಾಡುತ್ತಿದ್ದ ವೆಸಾಲಿಯಸ್ ಪೀಠದಿಂದ ಇಳಿದು ತಾನೇ ಚಾಕು ಹಿಡಿದ. 1543ರಲ್ಲಿ ಅವನ ಅಂಗರಚನೆಯ ಗ್ರಂಥ ಬಂತು. “ಇಳಿಯೋದೇ ವಿದ್ಯೆ” ಅಂದರು ಮೇಷ್ಟ್ರು. ಮಾತು ನನಗೆ ಹಿಡಿಸಿತು. ಆದರೆ ಅದೇ ಮಾತು ಅವರ ಸಂಸ್ಥೆಗೆ ವಿರುದ್ಧವಾಗಿ ತಿರುಗುತ್ತೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಯಾಕಂದ್ರೆ ಹೊರಡುವ ಮುಂಚೆ ಚಿಕ್ಕಮ್ಮನ ಪ್ರಶ್ನೆ ನೆನಪಾಗಿ, ಮೆಟ್ಟಿಲ ಮೇಲೆ ಕೂತಿದ್ದ ಕೊನೇ ವರ್ಷದ ಅಕ್ಕ ಒಬ್ಬರನ್ನ ಕೇಳಿದೆ. “ವಾರ್ಡಾ? ಮೂರನೇ ವರ್ಷ,” ಅಂದರು. “ಮೊದಲ ಎರಡು ವರ್ಷ ಆಸ್ಪತ್ರೆ ಕಟ್ಟಡ ದಾರಿಯಲ್ಲಿ ಸಿಗುತ್ತೆ, ಅಷ್ಟೇ.” ಆಮೇಲೆ ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಿದರು: ಒಂದು ಹಾಸಿಗೆ ಸುತ್ತ ಹದಿನೈದು ಜನ ನಿಲ್ತೀವಿ, ಮುಂದಿನ ಸಾಲಿನ ನಾಲ್ಕು ಜನಕ್ಕೆ ಕಾಣುತ್ತೆ, ಉಳಿದವರಿಗೆ ಮುಂದಿನವರ ಬೆನ್ನು.

ಈ ಎರಡು ವರ್ಷ ವಿಜ್ಞಾನ, ಆಮೇಲೆ ರೋಗಿ ಅನ್ನೋ ಲೆಕ್ಕ ಎಲ್ಲಿಂದ ಬಂತು ಅಂತ ಹುಡುಕಿದರೆ ಸಿಗುವ ಹೆಸರು ಅಬ್ರಹಾಂ ಫ್ಲೆಕ್ಸ್‌ನರ್. ಅವರು ವೈದ್ಯರೇ ಅಲ್ಲ, ಶಾಲಾ ಮೇಷ್ಟ್ರು. ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನ ಪರಿಶೀಲಿಸಿ 1910ರಲ್ಲಿ ವರದಿ ಕೊಟ್ಟರು. ಎರಡು ವರ್ಷ ಪ್ರಯೋಗಾಲಯದ ವಿಜ್ಞಾನ, ಎರಡು ವರ್ಷ ಆಸ್ಪತ್ರೆ ಅನ್ನೋ ಅಚ್ಚು ಗಟ್ಟಿಯಾಗಿ ನಿಂತದ್ದು ಆ ವರದಿಯ ನಂತರ. ದುಡ್ಡಿಗೆ ಪದವಿ ಮಾರುತ್ತಿದ್ದ ಎಷ್ಟೋ ಶಾಲೆಗಳ ಬಾಗಿಲು ಮುಚ್ಚಿತು, ಒಳ್ಳೇದೇ ಆಯಿತು. ಜತೆಗೆ ಕಪ್ಪು ಜನರಿಗಾಗಿ ಇದ್ದ ಏಳು ವೈದ್ಯಕೀಯ ಶಾಲೆಗಳಲ್ಲಿ ಐದು ಮುಚ್ಚಿ, ಹೊವಾರ್ಡ್ ಮತ್ತು ಮೆಹ್ಯಾರಿ ಎರಡೇ ಉಳಿದವು; ವರದಿಯನ್ನ ಹೊಗಳುವಾಗ ಆ ನಷ್ಟವನ್ನೂ ಹೇಳಬೇಕು.

ಫ್ಲೆಕ್ಸ್‌ನರ್ ಹೇಳಿಕೊಂಡ ಒಂದು ಪ್ರಸಂಗ ಮಾತ್ರ ನನಗೆ ತುಂಬಾ ಉಪಯೋಗಕ್ಕೆ ಬಂತು. ಒಂದು ಶಾಲೆಯಲ್ಲಿ ಡೀನ್ ಅವರನ್ನ ಬೇಗಬೇಗ ಸುತ್ತಾಡಿಸಿದನಂತೆ. ಬಾಗಿಲುಗಳ ಮೇಲೆ ‘ಅನಾಟಮಿ’, ‘ಫಿಸಿಯಾಲಜಿ’ ಅಂತ ಬೋರ್ಡು, ಎಲ್ಲಕ್ಕೂ ಬೀಗ, ಬೀಗದ ಕೈ ಯಾರ ಹತ್ರವೂ ಇಲ್ಲ. ಡೀನ್ ಬೀಳ್ಕೊಟ್ಟ ಮೇಲೆ ಇವರು ವಾಪಸ್ ಹೋಗಿ, ಜವಾನನ ಕೈ ಬೆಚ್ಚಗೆ ಮಾಡಿ ಬಾಗಿಲು ತೆಗೆಸಿದರೆ ಒಳಗೆ ಬರೀ ಮೇಜು, ಕುರ್ಚಿ, ಕರಿಹಲಗೆ. ನೂರು ವರ್ಷ ಕಳೆದರೂ ಭೇಟಿಯ ದಿನ ಅಂದರೆ ಅದೇ. ತೋರಿಸೋ ಕೋಣೆಗಳನ್ನ ತೋರಿಸ್ತಾರೆ. ನಾನಂತೂ ಹೊಸದಕ್ಕೆ ಹೋಗುವಾಗ ಭೇಟಿಯ ದಿನ ಬಿಟ್ಟು, ಅನುಮತಿ ಕೇಳಿ, ಮಾಮೂಲಿ ಮಂಗಳವಾರ ಹೋದೆ.

ಹೊಸದರಲ್ಲಿ ಡಿಸೆಕ್ಷನ್ ಇಲ್ಲ. ನುರಿತವರು ಬಿಡಿಸಿಟ್ಟ ಅಂಗಗಳು, ಪ್ಲಾಸ್ಟಿನೇಷನ್ ಮಾಡಿದ, ಅಂದರೆ ಕೆಡದ ಹಾಗೆ ಒಳಗೆ ಪ್ಲಾಸ್ಟಿಕ್ ತುಂಬಿದ ಕೆಲವು ತುಣುಕುಗಳು, ದೊಡ್ಡ ಪರದೆ, ಅಷ್ಟೇ. ಪ್ಲಾಸ್ಟಿಕ್ಕಿನಂತೆ ನುಣುಪಾದ ಒಂದು ಹೃದಯವನ್ನ ಕೈಗೆ ಕೊಟ್ಟರು. ವಾಸನೆ ಇಲ್ಲ, ಒದ್ದೆ ಇಲ್ಲ. ಎಂ ಅಕ್ಷರ ಕಂಡಾಗ ಆದ ಪುಲಕ ಆಗಲಿಲ್ಲ. ಇದು ದೊಡ್ಡ ನಷ್ಟ ಅಂತ ಈಗಲೂ ಅನ್ನಿಸುತ್ತೆ, ಯಾರಾದರೂ ಆ ಪರದೆ ಡಿಸೆಕ್ಷನ್ನಿಗೆ ಸಮ ಅಂದರೆ ನಾನು ಒಪ್ಪಲ್ಲ.

ಆಮೇಲೆ ಒಂದು ಸಣ್ಣ ಕೋಣೆಯಲ್ಲಿ ಮೊದಲನೇ ವರ್ಷದ ಎಂಟು ಜನ, ಒಬ್ಬ ಟ್ಯೂಟರ್, ಮೂಲೆಯಲ್ಲಿ ನಾನು. ಇದನ್ನ ಸಮಸ್ಯೆ ಆಧಾರಿತ ಕಲಿಕೆ ಅಂತಾರೆ. ಶುರುವಾದದ್ದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ, ಮೊದಲ ತಂಡ ಸೇರಿದ್ದು 1969ರಲ್ಲಿ. ವಿಷಯವಾರು ಪಾಠ ಮುಗಿಸಿ ರೋಗಿಗೆ ಹೋಗುವ ಬದಲು, ಮೊದಲ ವಾರದಿಂದಲೇ ಒಬ್ಬ ರೋಗಿಯ ಕತೆ ಕೊಟ್ಟು, ಅದನ್ನ ಬಿಡಿಸೋಕೆ ಏನೇನು ಗೊತ್ತಿರಬೇಕೋ ಅದನ್ನ ಓದಿಕೊಂಡು ಬನ್ನಿ ಅನ್ನೋದು. ಅವತ್ತಿನ ಕತೆ: ಒಬ್ಬ ಹೆಂಗಸಿಗೆ ಮೂರು ವಾರದಿಂದ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಅಂಗೈ ಬಿಳಿಚಿಕೊಂಡಿದೆ.

ಬಿಳಿಹಲಗೆಯಲ್ಲಿ ಮೂರು ಕಾಲಂ. ‘ಗೊತ್ತಿರೋದು’, ‘ಊಹೆ’, ‘ಗೊತ್ತಿಲ್ಲದ್ದು’. ಒಬ್ಬ ಹೃದಯ ಅಂದ, ಇನ್ನೊಬ್ಬಳು ಶ್ವಾಸಕೋಶ ಅಂದಳು, ಎರಡು ನಿಮಿಷದಲ್ಲಿ ರಕ್ತಹೀನತೆಗೆ ಬಂದರು. ನಾನು ಮನಸ್ಸಲ್ಲೇ “ಹಿಮೋಗ್ಲೋಬಿನ್ ಕಮ್ಮಿ, ಆಮ್ಲಜನಕ ಕಮ್ಮಿ, ಅದಕ್ಕೇ ಏದುಸಿರು, ಮುಗೀತು” ಅಂದುಕೊಂಡೆ. ಆಗ ಕಿಟಕಿ ಪಕ್ಕದ ಹುಡುಗ ಕೈ ಎತ್ತಿದ. “ಒಂದು ನಿಮಿಷ. ಕುತ್ತಿಗೆಯಲ್ಲಿರೋ ಕ್ಯಾರೊಟಿಡ್ ಬಾಡಿ ಅಳೆಯೋದು ರಕ್ತದಲ್ಲಿ ಕರಗಿರೋ ಆಮ್ಲಜನಕದ ಒತ್ತಡ. ರಕ್ತಹೀನತೆಯಲ್ಲಿ ಆ ಒತ್ತಡ ಸರಿಯಾಗೇ ಇರುತ್ತೆ, ಹೊರೋ ಪ್ರಮಾಣ ಮಾತ್ರ ಕಮ್ಮಿ. ಹಂಗಾದ್ರೆ ಉಸಿರು ಜಾಸ್ತಿ ಮಾಡು ಅಂತ ಯಾರು ಹೇಳ್ತಾರೆ? ನಂಗೆ ಗೊತ್ತಿಲ್ಲ.”

ಕೋಣೆ ಸುಮ್ಮನಾಯಿತು. ನಾನು ಟ್ಯೂಟರ್ ಮುಖ ನೋಡಿದೆ. ನನ್ನ ಶಾಲೆಯಲ್ಲಿ ಗೊತ್ತಿಲ್ಲ ಅಂದವರ ಗತಿ ಏನಾಗುತ್ತಿತ್ತು ಅಂತ ನನಗೆ ಗೊತ್ತು. ಟ್ಯೂಟರ್ ಏನೂ ಹೇಳದೆ ಎದ್ದು, ಆ ಪ್ರಶ್ನೆಯನ್ನ ಮೂರನೇ ಕಾಲಮ್ಮಿನಲ್ಲಿ ಅವನ ಮಾತಲ್ಲೇ ಬರೆದು, ಕೆಳಗೆ ಗೆರೆ ಎಳೆದು, “ಗುರುವಾರ ಎಲ್ಲರೂ ಇದಕ್ಕೆ ಉತ್ತರ ತನ್ನಿ. ನಾನೂ ಓದಿಕೊಂಡು ಬರ್ತೀನಿ” ಅಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಆ ಕಾಲೇಜಿನ ವಿದ್ಯಾರ್ಥಿಯೇ ಅಲ್ಲ, ಗುರುವಾರ ನನ್ನನ್ನ ಯಾರೂ ಕೇಳಲ್ಲ, ಆದರೂ ಹನ್ನೊಂದೂವರೆವರೆಗೆ ಅದನ್ನೇ ಹುಡುಕುತ್ತಿದ್ದೆ. ಶ್ರಮ ಹಾಕುವ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಬೇಗ ಆಮ್ಲೀಯತೆ ಏರೋದು, ಹೃದಯ ಹೆಚ್ಚು ರಕ್ತ ದೂಡಬೇಕಾಗೋದು, ಹೀಗೆ ಕೆಲವು ಎಳೆ ಸಿಕ್ಕವು, ಪೂರ್ತಿ ಗಂಟು ಬಿಚ್ಚಲಿಲ್ಲ. ವರ್ಷಗಟ್ಟಲೆ ‘ರಕ್ತಹೀನತೆಯಲ್ಲಿ ಏದುಸಿರು’ ಅಂತ ಬರೆದು ಅಂಕ ತಗೊಂಡಿದ್ದೆ. ಅದು ನನಗೆ ಗೊತ್ತೇ ಇರಲಿಲ್ಲ ಅನ್ನೋದು ಅವತ್ತು ಗೊತ್ತಾಯಿತು.

ಈ ಪದ್ಧತಿ ಮಾಯಾಮಂತ್ರ ಅಂತ ನಾನು ಹೇಳ್ತಿಲ್ಲ. 1993ರಲ್ಲಿ ಬಂದ ದೊಡ್ಡ ವಿಮರ್ಶೆಗಳ ಪ್ರಕಾರ, ಹೀಗೆ ಕಲಿತವರು ಮೂಲವಿಜ್ಞಾನದ ಪರೀಕ್ಷೆಗಳಲ್ಲಿ ಕೆಲವೊಮ್ಮೆ ಸ್ವಲ್ಪ ಹಿಂದೆ, ರೋಗಿ ನೋಡುವ ಕೆಲಸದಲ್ಲಿ ಸಮ ಅಥವಾ ತುಸು ಮುಂದೆ, ಓದಿನ ಬಗ್ಗೆ ಖುಷಿ ಮಾತ್ರ ಜಾಸ್ತಿ. ಮನೆಯಲ್ಲಿ ‘ಸ್ವಲ್ಪ ಹಿಂದೆ’ ಅನ್ನೋದನ್ನ ನಾನು ಓದಿ ಹೇಳಲಿಲ್ಲ. ಅಪ್ಪನೇ ಹುಡುಕಿ ಓದಿದರು.

ಅದೇ ಮಂಗಳವಾರ ಮಧ್ಯಾಹ್ನ ಕೌಶಲ ತರಬೇತಿ ಕೋಣೆಯಲ್ಲಿ ಎರಡನೇ ವರ್ಷದ ಒಬ್ಬಳು ನನ್ನ ಕೈಗೆ ಸ್ಟೆತೋಸ್ಕೋಪ್ ಕೊಟ್ಟು ತನ್ನ ತೋಳು ಚಾಚಿದಳು. “ಬಿಪಿ ನೋಡು.” ಪಟ್ಟಿ ಸುತ್ತಿದೆ. ಮಣಿಕಟ್ಟಿನ ನಾಡಿ ಹಿಡಿದು, ಅದು ನಿಲ್ಲೋವರೆಗೆ ಗಾಳಿ ಒತ್ತಿ, ಇನ್ನೊಂದು ಮೂವತ್ತು ಏರಿಸಿ, ಮೊಣಕೈ ಒಳಮಡಿಕೆಯಲ್ಲಿ ಬಿಲ್ಲೆ ಇಟ್ಟು ನಿಧಾನ ಇಳಿಸು ಅಂದಳು. ಇಳಿಸಿದೆ. ಏನೂ ಕೇಳಲಿಲ್ಲ. ಮತ್ತೆ ಮಾಡಿದೆ. ಏನೂ ಇಲ್ಲ. ಬೆವರು ಬಂತು. ಸುಳ್ಳು ಹೇಳಿಬಿಡೋಣ, 120 ಮೇಲೆ 80 ಅಂದರೆ ಯಾರಿಗೆ ಗೊತ್ತಾಗುತ್ತೆ ಅಂತ ನಾಲಿಗೆ ತುದಿವರೆಗೆ ಬಂದಿತ್ತು.

“ಕೇಳಿಸ್ತಿಲ್ಲ,” ಅಂದೆ.

ಅವಳು ನನ್ನ ಮುಖ ನೋಡಿ ನಕ್ಕಳು. “ಕಿವೀದು ತಿರುಗಾಮುರುಗ ಹಾಕ್ಕೊಂಡಿದೀಯ. ತುದಿ ಮೂಗಿನ ಕಡೆ ಬಾಗಿರಬೇಕು. ನಾನು ಮೊದಲ ತಿಂಗಳೆಲ್ಲಾ ಹಿಂಗೇ ಹಾಕ್ತಿದ್ದೆ.” ತಿರುಗಿಸಿ ಹಾಕಿಕೊಂಡೆ. ಮುಳ್ಳು 112ಕ್ಕೆ ಬಂದಾಗ ದೂರದಲ್ಲಿ ಯಾರೋ ಬಾಗಿಲು ಬಡಿದ ಹಾಗೆ ಟಪ್. ಟಪ್. ಟಪ್. 70ರ ಹತ್ತಿರ ಶಬ್ದ ಮಂಕಾಗಿ ಮಾಯ. ಈ ಶಬ್ದಗಳನ್ನ ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕಾಫ್ 1905ರಲ್ಲಿ ವಿವರಿಸಿದ್ದು, ಅದು ಪುಸ್ತಕದಲ್ಲಿದೆ. ಇನ್ನೊಬ್ಬರ ರಕ್ತ ನನ್ನ ಕಿವಿಯಲ್ಲಿ ಬಾಗಿಲು ಬಡಿಯೋದು ಪುಸ್ತಕದಲ್ಲಿಲ್ಲ.

ಚಿಕ್ಕಮ್ಮನ ಪ್ರಶ್ನೆಯನ್ನ ಅವಳಿಗೂ ಕೇಳಿದೆ. “ಆರನೇ ವಾರ. ಆದ್ರೆ ಜಾಸ್ತಿ ಆಸೆ ಇಟ್ಕೋಬೇಡ. ವಾರಕ್ಕೆ ಅರ್ಧ ದಿನ. ಒಂದು ರೋಗಿ ಹತ್ರ ಕೂತು ಮಾತಾಡು, ಬಂದು ಹೇಳು, ಅಷ್ಟೇ. ಆಸ್ಪತ್ರೆ ದೂರ, ಬಸ್ಸಲ್ಲೇ ಒಂದು ಗಂಟೆ ಹೋಗುತ್ತೆ.” ನೋಡೋರು ಯಾರಾದ್ರೂ ಇರ್ತಾರಾ ಅಂತ ಕೇಳಿದೆ. “ಮೂರು ಜನಕ್ಕೆ ಒಬ್ಬ ಡಾಕ್ಟ್ರು. ಪಕ್ಕದಲ್ಲಿ ಕೂತಿರ್ತಾರೆ. ಮೊದಮೊದಲು ಅದೇ ಹಿಂಸೆ.”

ವಿಲಿಯಂ ಆಸ್ಲರ್ ಬಗ್ಗೆ ಆಗ ಓದುತ್ತಿದ್ದೆ. 1893ರಲ್ಲಿ ಶುರುವಾದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯಲ್ಲಿ ವಿದ್ಯಾರ್ಥಿಗಳನ್ನ ಉಪನ್ಯಾಸದ ಕೋಣೆಯಿಂದ ಎಬ್ಬಿಸಿ ಹಾಸಿಗೆ ಪಕ್ಕಕ್ಕೆ ಕರೆತಂದವರು. ತನ್ನ ಸಮಾಧಿಯ ಮೇಲೆ, ವಾರ್ಡುಗಳಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದವನು ಅಂತ ಬರೆದರೆ ಸಾಕು ಅಂದಿದ್ದರು. ಹಳೇದರ ಮೇಷ್ಟ್ರ ‘ಇಳಿಯೋದೇ ವಿದ್ಯೆ’ ಇಲ್ಲಿ ನನಗೆ ಮತ್ತೆ ನೆನಪಾದದ್ದು. ಹದಿನೈದು ಜನರ ಹಿಂದಿನ ಸಾಲಿನಲ್ಲಿ ನಿಂತರೆ ನಾನು ಇಳಿದ ಹಾಗಾಗಲ್ಲ. ನಾನು ಎಂಥವಳು ಅಂತ ನನಗೆ ಗೊತ್ತಲ್ಲ: ಹಿಂದಿನ ಸಾಲು ಸಿಕ್ಕರೆ ಐದು ವರ್ಷ ಖುಷಿಯಾಗಿ ಅಲ್ಲೇ ನಿಲ್ಲುವವಳು. ಪರೀಕ್ಷೆಯಲ್ಲಿ ಚೆನ್ನಾಗಿ ಬರೆದು ಪಾಸೂ ಆಗ್ತೀನಿ, ಯಾರಿಗೂ ತಿಳಿಯಲ್ಲ.

ನನ್ನ ಹದಿನಾಲ್ಕು ಸಾಲುಗಳಲ್ಲಿ ಹೆಚ್ಚಿನವು ನಾನು ಎಲ್ಲಿ ಚೆನ್ನಾಗಿ ಮಾಡಬಲ್ಲೆ ಅನ್ನೋದರ ಲೆಕ್ಕ. ಚಿತ್ರ ಬರೆಯೋದು, ಬಾಯಿಪಾಠ, ಉದ್ದುದ್ದ ಉತ್ತರ, ಎಲ್ಲದಕ್ಕೂ ಹಳೇದೇ ಹೇಳಿ ಮಾಡಿಸಿದ್ದು. ನನಗೆ ಬಾರದೇ ಇರೋದನ್ನ ಯಾರು ಬಿಡದೆ ಮಾಡಿಸ್ತಾರೆ ಅಂತ ಒಂದು ಸಾಲೂ ಇರಲಿಲ್ಲ. ಹತ್ತನೇ ದಿನ ಆ ಹಾಳೆ ಹರಿದು ಹಾಕಿದೆ. (ಸುಳ್ಳು. ಮಡಿಸಿ ನಿಘಂಟಿನೊಳಗೆ ಇಟ್ಟೆ. ಹರಿಯೋಕೆ ಮನಸ್ಸು ಬರಲಿಲ್ಲ.)

ಅಪ್ಪನಿಗೆ ಹೇಳೋದು ಕಷ್ಟ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಫೇಲಾದ್ರೆ ಏನು ಮಾಡ್ತಾರಂತೆ ಅಲ್ಲಿ?” ಅಂತ ಕೇಳಿದರು. ಅದನ್ನೂ ಕೇಳಿಕೊಂಡು ಬಂದಿದ್ದೆ: ಹಳೇದರಲ್ಲಿ ಒಂದು ವಿಷಯ ಹೋದರೂ ವರ್ಷ ಪೂರ್ತಿ ಮತ್ತೆ, ಹೊಸದರಲ್ಲಿ ಆರು ವಾರದಲ್ಲಿ ಇನ್ನೊಂದು ಅವಕಾಶ. “ಇದನ್ನ ಮೊದಲೇ ಹೇಳೋದಲ್ವಾ?” ಅಂದರು. ಆ ಕೆಂಪು ವೃತ್ತದ ಹಾಳೆ ಮರುದಿನ ಮೇಜಿನ ಮೇಲೆ ಇರಲಿಲ್ಲ.

ಹೊಸದಕ್ಕೆ ‘ಒಪ್ಪಿದ್ದೇನೆ’ ಅಂತ ಕಳಿಸೋಕೆ ಒಂದು ನಿಮಿಷ ಸಾಕಾಯಿತು. ಹಳೇದಕ್ಕೆ ‘ಬರೋಕಾಗಲ್ಲ’ ಅಂತ ನಾಲ್ಕು ಸಾಲು ಬರೆಯೋಕೆ ಒಂದು ಸಂಜೆ ಹಿಡಿಯಿತು. ಕೊನೆಗೆ ಮ್ಯೂಸಿಯಮ್ಮಿನ ಮೇಷ್ಟ್ರಿಗೆ ಧನ್ಯವಾದ ತಿಳಿಸಿ ಅಂತ ಒಂದು ವಾಕ್ಯ ಸೇರಿಸಿದೆ. ಕಚೇರಿಯವರು ತಿಳಿಸಿರಲಾರರು.

ಆಮೇಲೆ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ರಾತ್ರಿ ಪಾಳಿಗೆ ಹೊರಡೋ ಹೊತ್ತು.

“ಆರನೇ ವಾರ,” ಅಂದೆ.

“ಏನು ಆರನೇ ವಾರ?”

“ವಾರ್ಡಿಗೆ ಬಿಡೋದು.”

ಆ ಕಡೆಯಿಂದ ಕೀಲಿಕೈ ಗೊಂಚಲಿನ ಸದ್ದು. “ಹಂಗಾದ್ರೆ ಶೂ ಈಗ್ಲೇ ತಗೊಂಡು ಹಾಕ್ಕೊಂಡು ಓಡಾಡು, ಪಳಗಲಿ. ಹೊಸ ಶೂ ಹಾಕ್ಕೊಂಡು ಬರಬೇಡ. ಕಿರ್ ಅಂದ್ರೆ ರೋಗಿಗಳಿಗೆಲ್ಲಾ ಎಚ್ಚರ ಆಗುತ್ತೆ.”